ಉಳಿತಾಯವಾದ ಯೋಚನೆ

ಮದುವೆಮನೆಯ ಊಟದ ಪಂಕ್ತಿಯಲ್ಲೂ ವಿಚಾರಸಂಕಿರಣದ ವೇದಿಕೆಯಲ್ಲೂ ಈಗ ಒಂದೇ ಮಾತು: ಕಂಪ್ಯೂಟರ್ ಬಂದು ದಿನನಿತ್ಯದ ಕೆಲಸಗಳೆಲ್ಲ ಸುಲಭವಾದವು, ತಲೆಕೆಡಿಸಿಕೊಳ್ಳುವ ಕಾಲ ಮುಗಿಯಿತು. ಕೆಲಸ ಸುಲಭವಾಯಿತು ಎಂಬುದರಲ್ಲಿ ನನಗೆ ತಕರಾರಿಲ್ಲ. ಕರೆಂಟ್ ಬಿಲ್ ಕಟ್ಟಲು ಅಪ್ಪ ಅರ್ಧ ದಿನ ರಜೆ ಹಾಕುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಸಿಟ್ಟು ಬರುವುದು ಆ ಮಾತಿನ ಹಿಂದಿನ ನೆಮ್ಮದಿಗೆ. ತಲೆಕೆಡಿಸಿಕೊಳ್ಳದೆ ಆಗಿಹೋಗುವ ಕೆಲಸಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದು ಇವರು ಮೊದಲೇ ತೀರ್ಮಾನಿಸಿ ಕೂತಿರುತ್ತಾರೆ.

ಹಾಗೆಂದು ಯಂತ್ರವನ್ನು ಬೈಯುವವರ ಸಾಲಿನಲ್ಲಿ ಹೋಗಿ ನಿಲ್ಲಲಾರೆ. ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರಟೀಸ್ ಬರವಣಿಗೆಯನ್ನೇ ನೆನಪಿನ ಶತ್ರು ಎಂದು ಅನುಮಾನಿಸುತ್ತಾನೆ. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ರೈಲನ್ನೂ ಬಿಡಲಿಲ್ಲ. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ ಬಗ್ಗೆ ಮಾತು ಶುರುವಾದರೆ ಸಭೆಯ ಅರ್ಧ ಜನ ಕಾಫಿಗೆ ಎದ್ದುಹೋಗುತ್ತಾರೆ, ಅವರ ಜೊತೆ ನಾನೂ. ಇವರ ಮೇಲೆ ಗೌರವವಿದೆ. ಆದರೆ ಮುಂದಿನ ವಾಕ್ಯ ಏನೆಂದು ಮೊದಲೇ ಗೊತ್ತಿರುವ ಮಾತಿಗೆ ತಲೆದೂಗುವುದು ನನ್ನಿಂದಾಗದು.

ನನಗೆ ಎದುರಾಳಿಯಾಗಿ ಬೇಕಾದವನು ವೈಟ್‌ಹೆಡ್. ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ 1911ರಲ್ಲಿ ಸಾಮಾನ್ಯ ಓದುಗರಿಗಾಗಿ ಗಣಿತದ ಒಂದು ಪುಟ್ಟ ಪರಿಚಯಗ್ರಂಥ ಬರೆದ. ಮಾಡುವ ಕೆಲಸದ ಬಗ್ಗೆ ಯೋಚಿಸುತ್ತ ಮಾಡಬೇಕು ಎಂದು ಕಾಪಿ ಪುಸ್ತಕಗಳೂ ದೊಡ್ಡವರ ಭಾಷಣಗಳೂ ಹೇಳುತ್ತವಲ್ಲ, ಅದು ಶುದ್ಧ ತಪ್ಪು ಎಂದ. ಅವನ ಪ್ರಕಾರ ಯೋಚಿಸದೆ ಮಾಡಬಲ್ಲ ಮುಖ್ಯ ಕೆಲಸಗಳ ಸಂಖ್ಯೆ ಹೆಚ್ಚಿದಂತೆಲ್ಲ ನಾಗರಿಕತೆ ಮುಂದೆ ಸಾಗುತ್ತದೆ. ಯೋಚನೆ ಎಂಬುದು ಯುದ್ಧದಲ್ಲಿ ಅಶ್ವದಳ ನುಗ್ಗಿದ ಹಾಗೆ: ಪದೇಪದೇ ಆಗುವಂಥದ್ದಲ್ಲ, ಕುದುರೆಗಳು ದಣಿದಿರಬಾರದು, ನಿರ್ಣಾಯಕ ಗಳಿಗೆಗೆಂದೇ ಕಾದಿಡಬೇಕು. ಇದನ್ನು ಹೇಳುವ ಹೊತ್ತಿಗೆ ಅವನು ರಸೆಲ್ ಜೊತೆ ಸೇರಿ ಇನ್ನೊಂದು ಪುಸ್ತಕದ ಮೊದಲ ಸಂಪುಟ ಮುಗಿಸಿದ್ದ. ಒಂದಕ್ಕೆ ಒಂದು ಕೂಡಿದರೆ ಎರಡು ಎಂಬಲ್ಲಿಗೆ ಬರಲು ಅದರಲ್ಲಿ 350ಕ್ಕೂ ಹೆಚ್ಚು ಪುಟಗಳಾಗುತ್ತವೆ! ಜಗತ್ತಿನಲ್ಲಿ ಯಾರೂ ಯೋಚಿಸದ ವಿಷಯವನ್ನು ಅಷ್ಟು ಯೋಚಿಸಿದವನು ಯೋಚಿಸಬೇಡಿ ಎಂದರೆ ಕಿವಿಗೊಡಲೇಬೇಕು.

ಅವನ ಮುಖ್ಯ ಉದಾಹರಣೆ ಅಂಕಿಗಳು. ನಮ್ಮ ನೆಲದಲ್ಲಿ ಹುಟ್ಟಿ ಅರಬರ ಮೂಲಕ ಯುರೋಪಿಗೆ ಹೋದ, ಸೊನ್ನೆಯುಳ್ಳ ಸ್ಥಾನಬೆಲೆಯ ಅಂಕಿಗಳು. ಪಶ್ಚಿಮ ಯುರೋಪಿನ ಜನಸಾಮಾನ್ಯರೆಲ್ಲ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಭಾಗಿಸಬಲ್ಲರು ಎಂದರೆ ಹಳೆಯ ಗ್ರೀಕ್ ಗಣಿತಜ್ಞ ದಂಗಾಗುತ್ತಿದ್ದ ಎನ್ನುತ್ತಾನೆ ವೈಟ್‌ಹೆಡ್. ನಿಜ. ಒಳ್ಳೆಯ ಬರಹಪದ್ಧತಿ ಬುದ್ಧಿಯ ಮೇಲಿನ ಹೊರೆಯನ್ನು ತಾನು ಹೊತ್ತುಕೊಳ್ಳುತ್ತದೆ. ಕಂಪ್ಯೂಟರನ್ನು ಹೊಗಳುವವರು ಅವನ ಹೆಸರು ಕೇಳಿರದಿದ್ದರೂ ಆಡುತ್ತಿರುವುದು ಅವನದೇ ಮಾತು.

ನನ್ನ ಮೊದಲ ಆಕ್ಷೇಪ ಇದು. ಭಾಗಾಕಾರ ಮಾಡುವ ಹುಡುಗಿ ಮಧ್ಯೆ ಎಲ್ಲಿ ಬೇಕಾದರೂ ನಿಂತು ಪರೀಕ್ಷಿಸಬಹುದು. ಉತ್ತರ ತಪ್ಪೆನಿಸಿದರೆ ತಿರುಗಿ ಗುಣಿಸಿ ನೋಡುತ್ತಾಳೆ. ಯೋಚನೆ ಅಲ್ಲಿ ಮಲಗಿದೆ, ಎಬ್ಬಿಸಿದರೆ ಏಳುತ್ತದೆ. ಕ್ಯೂಆರ್ ಚೀಟಿಗೆ ಫೋನ್ ಹಿಡಿದು ತರಕಾರಿಯವನಿಗೆ ನಲವತ್ತು ರೂಪಾಯಿ ಕಳಿಸುವಾಗ ನನ್ನಲ್ಲಿ ಮಲಗಿರುವ ಯೋಚನೆ ಯಾವುದೂ ಇಲ್ಲ. ದುಡ್ಡು ಖಾತೆಯಿಂದ ಹೋಗಿ ಅವನಿಗೆ ತಲುಪದಿದ್ದರೆ ನಾವಿಬ್ಬರೂ ಪರದೆ ನೋಡುತ್ತ ನಿಲ್ಲುತ್ತೇವೆ, ಅಷ್ಟೇ.

ಈ ಆಕ್ಷೇಪ ಸಾಯಂಕಾಲದವರೆಗೂ ಬಾಳುವುದಿಲ್ಲ. ಗೋಡೆಯ ಸ್ವಿಚ್ಚಿನ ಹಿಂದೆ ಏನಾಗುತ್ತದೆಂದು ನನಗೇನು ಗೊತ್ತು? ಶರಾವತಿಯ ನೀರು ಲಿಂಗನಮಕ್ಕಿಯಿಂದ ನನ್ನ ಮಿಕ್ಸಿಯವರೆಗೆ ಬರುವ ದಾರಿಯನ್ನು ನಾನು ಎಂದೂ ಪರೀಕ್ಷಿಸಿಲ್ಲ. ತಿಳಿಯದೆ ಬಳಸುವುದೇ ದೋಷವಾದರೆ ಬಸ್ಸು, ಇಂಜೆಕ್ಷನ್ನು, ಪಂಚಾಂಗ ಎಲ್ಲವನ್ನೂ ಬಿಡಬೇಕಾಗುತ್ತದೆ. ಇಲ್ಲಿ ವೈಟ್‌ಹೆಡ್ ಗೆದ್ದ.

ಹಾಗಾದರೆ ನನ್ನ ಸಿಟ್ಟಿಗೆ ಬೇರೆಲ್ಲೋ ಬೇರಿರಬೇಕು. ಅದು ಸಿಕ್ಕಿದ್ದು ದೊಡ್ಡಮ್ಮನ ಬೆರಳಿನಲ್ಲಿ.

ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕು. ಹಿಂದೆ ಬ್ಯಾಂಕಿನ ಮ್ಯಾನೇಜರ್ ಮುಖ ನೋಡಿ, ಎರಡು ಮಾತಾಡಿ, ಸಹಿ ಹಾಕುತ್ತಿದ್ದರು. ಆಮೇಲೆ ಬೆರಳಚ್ಚಿನ ಯಂತ್ರ ಬಂತು. ಬದುಕಿಡೀ ಅಡಿಕೆ ಸುಲಿದ ಬೆರಳು, ಗೆರೆಗಳು ಸವೆದುಹೋಗಿವೆ. ಒಂದೊಂದೇ ಬೆರಳು ಒತ್ತಿದ್ದಾಯಿತು, ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿದ್ದಾಯಿತು. “ನಾ ಇಲ್ಲೇ ಕೂತಿದೀನಲ್ಲೋ, ಇನ್ನೇನು ಬೇಕು ನಿಂಗೆ?” ಎಂದರು ದೊಡ್ಡಮ್ಮ. ಕೌಂಟರಿನಲ್ಲಿದ್ದ ಹುಡುಗ ದೊಡ್ಡಪ್ಪನ ಶಿಷ್ಯನೇ. “ನಂಗೊತ್ತು ದೊಡ್ಡಮ್ಮ, ಸಿಸ್ಟಮ್ ತಗೊಳ್ತಿಲ್ಲ” ಎಂದ.

ಆ ಹುಡುಗನಿಗೆ ಗೊತ್ತು. ಗೊತ್ತಿರುವುದರಿಂದ ಏನೂ ಆಗುವಂತಿಲ್ಲ. ವೈಟ್‌ಹೆಡ್ ಹೇಳಿದ ನಿರ್ಣಾಯಕ ಗಳಿಗೆ ಇದೇ ತಾನೆ? ನೂರರಲ್ಲಿ ತೊಂಬತ್ತೊಂಬತ್ತು ಪಿಂಚಣಿದಾರರ ಕೆಲಸ ಯಾರೂ ಯೋಚಿಸದೆ ಮುಗಿದಿರುವಾಗ, ಉಳಿತಾಯವಾದ ಯೋಚನೆಯನ್ನು ಈ ಒಬ್ಬರಿಗಾಗಿ ಖರ್ಚು ಮಾಡಬೇಕಿತ್ತು. ಕುದುರೆ ಸಿದ್ಧವಿತ್ತು, ಸವಾರನೂ ಇದ್ದ. ನುಗ್ಗುವ ಅಧಿಕಾರವನ್ನು ಮಾತ್ರ ಅವನ ಕೈಯಿಂದ ತೆಗೆದುಬಿಟ್ಟಿದ್ದರು. ಸುಲಭ ಮಾಡುವಾಗ ನಾವು ಕೆಲಸದ ಜೊತೆ ತೀರ್ಪನ್ನೂ ಯಂತ್ರಕ್ಕೆ ಒಪ್ಪಿಸುತ್ತೇವೆ. ಯೋಚಿಸದೆ ಮಾಡುವುದಕ್ಕೂ ಯೋಚಿಸಿದರೂ ಪ್ರಯೋಜನವಿಲ್ಲ ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ. ವೈಟ್‌ಹೆಡ್‌ನ ಲೆಕ್ಕದಲ್ಲಿ ಈ ಅಂತರ ಬರುವುದೇ ಇಲ್ಲ, ಏಕೆಂದರೆ ಅಂಕಿಗಳು ಯಾರಿಗೂ ಸಹಿ ಹಾಕುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಪ್ರಬಂಧ ಚೆನ್ನಾಗಿರುತ್ತಿತ್ತು. ಆದರೆ 2021ರಲ್ಲಿ, ಬದುಕಿದ್ದೇನೆಂಬ ಇದೇ ಪ್ರಮಾಣಪತ್ರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಬಂತು. ಈಗ ಮೊಮ್ಮಗ ಜಗಲಿಯಲ್ಲೇ ಫೋನ್ ಹಿಡಿಯುತ್ತಾನೆ, ದೊಡ್ಡಮ್ಮ ಕಣ್ಣು ಮಿಟುಕಿಸುತ್ತಾರೆ, ಕೆಲಸ ಮುಗಿಯಿತು. ಬ್ಯಾಂಕಿನ ಮೆಟ್ಟಿಲು ಹತ್ತುವ ಕಷ್ಟವೂ ತಪ್ಪಿತು. ಯಂತ್ರ ಮಾಡಿದ ಗಾಯವನ್ನು ಯಂತ್ರವೇ ಮಾಯಿಸಿದರೆ ತತ್ತ್ವಶಾಸ್ತ್ರಕ್ಕೆ ಏನು ಕೆಲಸ?

ಸ್ವಲ್ಪ ಉಳಿದಿದೆ ಎಂದುಕೊಂಡಿದ್ದೇನೆ, ಪಹಣಿಯ ಕಾರಣಕ್ಕೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅದಕ್ಕೆ ಮೊದಲು ಅವು ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಒಂದು ಪ್ರತಿ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಕಾಯಬೇಕು, ಕೈ ಬಿಸಿ ಮಾಡಬೇಕು. ಹೊಸ ವ್ಯವಸ್ಥೆಯಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಬರತೊಡಗಿತು. ಹಿಂದೆಮುಂದೆ ಯಾರೂ ಇಲ್ಲದ ಹೆಂಗಸಿಗೂ ಅಷ್ಟೇ, ಊರ ಗೌಡರಿಗೂ ಅಷ್ಟೇ. ಇದನ್ನು ಸಣ್ಣದೆನ್ನುವವರು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತವರಲ್ಲ.

ಈಗ ತೊಂದರೆ ಬೇರೆ ಥರದ್ದು. ನಮ್ಮ ಪಹಣಿಯಲ್ಲಿ ಅಜ್ಜನ ಹೆಸರಿಗೆ ‘ಗೌಡ’ ಅಂಟಿಕೊಂಡಿದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ಲು, ಆಧಾರ್ ಕಾರ್ಡಿನಲ್ಲಿ ಮೂರನೆಯ ಕಾಗುಣಿತ. ಯಂತ್ರದ ಪಾಲಿಗೆ ನಮ್ಮಜ್ಜ ಮೂವರು. ಒಂದಾಗಿಸಲು ಅಫಿಡವಿಟ್ಟು, ಅರ್ಜಿ, ಒಟಿಪಿ, ಮತ್ತೆ ಅರ್ಜಿ. ಅಜ್ಜನ ಕಾಲದ ಶಾನುಭೋಗರಿಗೆ ಮೂರೂ ಒಬ್ಬರೇ ಎಂದು ಗೊತ್ತಿರುತ್ತಿತ್ತು. ಆ ತಿಳಿವಳಿಕೆಗೆ ಅವರು ಬೆಲೆ ಕಟ್ಟುತ್ತಿದ್ದರು ಎಂಬುದೂ ಸತ್ಯ. ಅಜ್ಜ ಅವರ ಮನೆಗೆ ಬಾಳೆಗೊನೆ ಹೊರಿಸಿದ್ದನ್ನು ನಮ್ಮಮ್ಮ ಈಗಲೂ ಹೇಳುತ್ತಾರೆ.

ಅಷ್ಟಕ್ಕೂ ಮಧ್ಯವರ್ತಿ ಎಲ್ಲಿ ಹೋದ? ಪಟ್ಟಣದ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತಿದ್ದಾನೆ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ‘ಸರ್ವರ್ ಬ್ಯುಸಿ’ ಎಂಬ ಮಾತು ಹಳ್ಳಿಯ ಅಜ್ಜಿಯರ ಬಾಯಲ್ಲೂ ಬಂತು. ಯಾವ ಕಾಲಂ ಖಾಲಿ ಬಿಡಬೇಕು, ಯಾವ ಹೊತ್ತಿಗೆ ಸೈಟು ತೆರೆಯುತ್ತದೆ ಎಂಬ ಹೊಸ ವಿದ್ಯೆ ಅವನದು. ಅಂದರೆ ಯೋಚನೆ ಉಳಿತಾಯವಾಗಲಿಲ್ಲ, ಕೈ ಬದಲಾಯಿಸಿತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ ಇಂಥದೇ ಮಾತನ್ನು ಮನೆಗೆಲಸದ ಯಂತ್ರಗಳ ಬಗ್ಗೆ 1983ರಲ್ಲೇ ಹೇಳಿದರು. ಯಂತ್ರಗಳು ಬಂದ ಮೇಲೆ ಗಂಡಸರ, ಮಕ್ಕಳ, ಆಳುಗಳ ಪಾಲಿನ ದುಡಿಮೆ ಇಳಿಯಿತು. ಗೃಹಿಣಿಯ ಗಂಟೆಗಳು ಅಷ್ಟೇನೂ ಇಳಿಯಲಿಲ್ಲ.

ವೈಟ್‌ಹೆಡ್ ಇದ್ದಿದ್ದರೆ ಹೀಗೆ ಕೇಳುತ್ತಿದ್ದ: ನಿನ್ನ ಜಗಳ ಕಂಪ್ಯೂಟರ್ ಜೊತೆಗೋ, ಗುಮಾಸ್ತನ ಅಧಿಕಾರ ಕಿತ್ತುಕೊಂಡವರ ಜೊತೆಗೋ? ಎರಡನೆಯದು ಎಂದೇ ಒಪ್ಪಬೇಕು. ಒಪ್ಪಿದ ಕೂಡಲೇ ಇನ್ನೂ ಇಕ್ಕಟ್ಟಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಆ ಅಧಿಕಾರವನ್ನು ಕಿತ್ತುಕೊಳ್ಳಿ ಎಂದವರು ನಾವೇ. ಯೋಚಿಸಬಲ್ಲ ಅಧಿಕಾರಿ ತನ್ನ ಯೋಚನೆಯನ್ನು ಮಾರಿಕೊಂಡಿದ್ದರಿಂದ, ಯೋಚಿಸಲಾಗದ ಯಂತ್ರ ನಮಗೆ ನ್ಯಾಯವಂತನಂತೆ ಕಂಡಿತು. ಬಾಳೆಗೊನೆ ಹೊತ್ತ ಅಜ್ಜನನ್ನು ಕೇಳಿದ್ದರೆ ಹದಿನೈದು ರೂಪಾಯಿಯ ಕಿಟಕಿಯನ್ನೇ ಆರಿಸುತ್ತಿದ್ದ. ಮೂರು ಹೆಸರಿನ ತೊಡಕಿದ್ದರೂ ಆರಿಸುತ್ತಿದ್ದನೋ ಏನೋ.

ಆದರೂ ನನ್ನ ಬೇಡಿಕೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಬ್ಯಾಂಕಾಗಲಿ, ನಾಡಕಚೇರಿಯಾಗಲಿ, ಪಡಿತರದಂಗಡಿಯಾಗಲಿ, ಯಂತ್ರ ಒಲ್ಲೆ ಎಂದಾಗ ಎದುರಿಗಿರುವ ಮನುಷ್ಯನನ್ನು ನೋಡಿ, ಕಾರಣ ಬರೆದು, ತನ್ನ ಹೆಸರಿನಲ್ಲಿ ಸಹಿ ಹಾಕಿ ಕೆಲಸ ಮುಗಿಸಬಲ್ಲ ಒಬ್ಬರು ಅಲ್ಲಿರಬೇಕು. ಆ ಸಹಿಗೆ ಕಾನೂನಿನ ಬಲ ಇರಬೇಕು. ಆ ಒಬ್ಬರು ನಾಳೆ ಬಾಳೆಗೊನೆ ಕೇಳದ ಹಾಗೆ ಮಾಡುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.