ಗೆರೆ ಎಳೆದ ಕೈ ಯಾರದು?

'ಊರು ಅಂದ ಮೇಲೆ ಹೊಲಗೇರಿ ಇದ್ದೇ ಇರುತ್ತೆ' ಅನ್ನೋ ಗಾದೆ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಆಡಿದವರ ಬಾಯಲ್ಲಿ ಅದು ಬೈಗುಳ. ಕೊಂಚ ನಿಂತು ನೋಡಿದರೆ ಅದೊಂದು ನಕ್ಷೆ. ಯಾರು ಎಲ್ಲಿರಬೇಕು, ಯಾರ ಬಾವಿ ಯಾರದು, ಗಾಳಿ ಯಾರ ಮನೆ ದಾಟಿ ಯಾರ ಮನೆಗೆ ಬೀಸಬೇಕು ಎಂಬುದನ್ನೆಲ್ಲ ಕಾಗದವಿಲ್ಲದೆ ಬರೆದಿಟ್ಟ ನಕ್ಷೆ. ಬರೆದವನ ಹೆಸರು ಯಾವ ದಫ್ತರದಲ್ಲೂ ಸಿಗೋದಿಲ್ಲ. ಹೆಸರಿಲ್ಲದ್ದರಿಂದಲೇ ಅದಕ್ಕೆ ಅಷ್ಟು ಬಲ.

ಈಗ ಕಾಗದದ ಮೇಲೆ, ಅಳತೆ ಹಿಡಿದು, ಸರ್ಕಾರದ ಮೊಹರು ಒತ್ತಿ ಬರೆದ ನಕ್ಷೆಯ ಮಾತಿಗೆ ಬರೋಣ. ನಮ್ಮ ಪ್ರಶ್ನೆ ಇಷ್ಟೆ: ಅಳತೆ ಸರಿಯಿರುವ ನಕ್ಷೆ ಅನ್ಯಾಯ ಮಾಡಬಲ್ಲುದೆ? ಮಾಡಿದರೆ ಆ ಪಾಪ ಯಾರ ತಲೆಗೆ?

ಇದಕ್ಕೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ ಕೌಂಟಿ ಅಂತ ಒಂದು ಆಡಳಿತ ಘಟಕ ಇದೆ, ಹೆಚ್ಚುಕಮ್ಮಿ ನಮ್ಮ ಜಿಲ್ಲೆಯೋ ತಾಲ್ಲೂಕೋ ಇದ್ದಂತೆ. ಎಷ್ಟೋ ಕಡೆ ನಗರದ ಗಡಿಯಾಚೆಯ ಭೂಮಿಯನ್ನು ಯಾವುದಕ್ಕೆ ಬಳಸಬೇಕೆಂದು ಹೇಳುವುದು ಈ ಕೌಂಟಿ. ಮೊದಲು ಇರುವುದನ್ನು ಅಳೆಯುತ್ತಾರೆ. ಯಾರ ಜಮೀನು ಎಷ್ಟು, ಮಣ್ಣು ಎಂಥದು, ಪ್ರವಾಹ ಎಲ್ಲಿಯವರೆಗೆ ಬರುತ್ತದೆ, ರಸ್ತೆ ಎಲ್ಲಿ, ನೀರಿನ ಪೈಪು ಎಲ್ಲಿ. ಇವನ್ನೆಲ್ಲ ಒಂದರ ಮೇಲೊಂದು ಪದರವಾಗಿ ಇಡುತ್ತಾರೆ. ಈಗ ಆ ಕೆಲಸ ಕಂಪ್ಯೂಟರಿನಲ್ಲಿ ಆಗುತ್ತದೆ. ಆಮೇಲೆ ಎರಡನೇ ನಕ್ಷೆ: ವಲಯ ನಕ್ಷೆ. ಸಾಮಾನ್ಯವಾಗಿ ಹಳದಿ ಬಳಿದ ಕಡೆ ಒಂಟಿ ಮನೆ, ಕೆಂಪು ಬಳಿದ ಕಡೆ ಅಂಗಡಿ, ನೇರಳೆ ಬಳಿದ ಕಡೆ ಕಾರ್ಖಾನೆ. ಈ ಎರಡನೆಯದು ಚಿತ್ರವಲ್ಲ, ಕಾನೂನು.

ಇಲ್ಲೇ ನೋಡಿ ಗಂಟು ಇರುವುದು. ಮೊದಲನೆಯ ನಕ್ಷೆ 'ಇದೆ' ಅನ್ನುತ್ತದೆ. ಎರಡನೆಯದು 'ಇರಬೇಕು' ಅನ್ನುತ್ತದೆ. ಎರಡೂ ಒಂದೇ ಕಾಗದ, ಒಂದೇ ಬಣ್ಣ, ಒಂದೇ ಮೊಹರು. ಆದ್ದರಿಂದ ನೋಡುವವನಿಗೆ 'ಇರಬೇಕು' ಎಂಬುದೂ 'ಇದೆ' ಎಂಬಷ್ಟೇ ಸತ್ಯವಾಗಿ ಕಾಣುತ್ತದೆ. ನಮ್ಮ ಶಾಸ್ತ್ರಗಳು ಆಡಿದ ಆಟವೂ ಇದೇ ಅಲ್ಲವೆ? ಇದ್ದ ಕೇರಿಯನ್ನು ತೋರಿಸಿ, ಕೇರಿ ಇರಲೇಬೇಕು ಅಂದವು.

1910ರಲ್ಲಿ ಬಾಲ್ಟಿಮೋರ್ ನಗರ ಈ ಆಟವನ್ನು ಮುಚ್ಚುಮರೆ ಇಲ್ಲದೆ ಆಡಿತು. ಬಿಳಿಯರೇ ಹೆಚ್ಚಿರುವ ಬೀದಿಗೆ ಕರಿಯರು ವಾಸಕ್ಕೆ ಬರಕೂಡದು, ಕರಿಯರ ಬೀದಿಗೆ ಬಿಳಿಯರು ಹೋಗಕೂಡದು ಎಂದು ಕಾನೂನು ಮಾಡಿತು. ಎರಡೂ ಕಡೆಗೆ ಸಮಾನ ನಿಷೇಧವಂತೆ! 1914ರಲ್ಲಿ ಲೂಯಿವಿಲ್ ನಗರವೂ ಅಂಥದೇ ಕಾನೂನು ತಂದಿತು. ಕರಿಯರ ಸಂಘಟನೆ ಎನ್‌ಎಎಸಿಪಿ ಅದರ ವಿರುದ್ಧ ಹೋರಾಡಿ 1917ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಆದರೆ ಯಾಕೆ ಗೆದ್ದಿತು? ಮನುಷ್ಯರೆಲ್ಲ ಸಮಾನರು ಎಂಬುದರ ಮೇಲಲ್ಲ. ಆಸ್ತಿ ಇದ್ದವನಿಗೆ ತನ್ನ ಆಸ್ತಿಯನ್ನು ಬೇಕಾದವರಿಗೆ ಮಾರುವ ಹಕ್ಕಿದೆ ಎಂಬುದರ ಮೇಲೆ. ಕೋರ್ಟು ಜಮೀನಿನ ಮಾನ ಕಾಪಾಡಿತು, ಮನುಷ್ಯನ ಮಾನ ಬಾಗಿಲಲ್ಲೇ ನಿಂತಿತ್ತು.

ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದ್ದು 1913ರಿಂದ 1916ರವರೆಗೆ. ಅದೇ 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ಅನ್ವಯಿಸುವ ವಲಯ ಕಾನೂನು ತಂದಿತು. ಎತ್ತರದ ಕಟ್ಟಡಗಳು ಬೀದಿಯ ಬೆಳಕು ನುಂಗುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಬಟ್ಟೆ ಕಾರ್ಖಾನೆಗಳ ವಲಸಿಗ ಕೂಲಿಗಳು ಮಧ್ಯಾಹ್ನದ ಬಿಡುವಿನಲ್ಲಿ ಐದನೇ ಅವೆನ್ಯೂವಿನ ಸಿರಿವಂತ ಅಂಗಡಿಗಳ ಮುಂದೆ ನೆರೆಯುವುದು ಅಲ್ಲಿನ ವ್ಯಾಪಾರಿಗಳಿಗೆ ಸಹಿಸಲಿಲ್ಲ. ಹೊಲಿದ ಬಟ್ಟೆ ಬೇಕು, ಹೊಲಿದವಳ ನೆರಳು ಬೇಡ.

ಬಣ್ಣದ ಹೆಸರು ಹೇಳಿ ಗೆರೆ ಎಳೆಯುವಂತಿಲ್ಲ ಎಂದು 1917ರಲ್ಲಿ ಆಯಿತಲ್ಲ, ಆಮೇಲೆ ಗೆರೆ ಮಾತು ಬದಲಿಸಿತು. ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಸುಪ್ರೀಂ ಕೋರ್ಟು ವಲಯ ನಕ್ಷೆಯನ್ನು ಎತ್ತಿಹಿಡಿಯಿತು. ಒಂಟಿ ಮನೆಗಳ ನಡುವೆ ಬರುವ ಬಾಡಿಗೆ ವಠಾರವನ್ನು ಪರಾವಲಂಬಿ ಜೀವಿಗೆ ಹೋಲಿಸಿತು. ಅಲ್ಲಿಂದ ಮುಂದೆ ಕರಿಯ ಎಂಬ ಪದ ಬೇಕಾಗಲಿಲ್ಲ. ಒಂದು ಎಕರೆಗೆ ಒಂದೇ ಮನೆ ಅಂದರೆ ಸಾಕು, ಒಂದು ಎಕರೆ ಕೊಳ್ಳಲಾರದವನು ತಾನೇ ಹೊರಗೆ ನಿಂತ. ಅವನಲ್ಲಿ ಕರಿಯ ಎಷ್ಟು, ಬಡವ ಎಷ್ಟು ಎಂದು ಬಿಡಿಸಿ ಹೇಳುವ ಕೆಲಸ ನಕ್ಷೆಯದಲ್ಲವಲ್ಲ!

1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ಮನೆಸಾಲದ ನಿಗಮವೊಂದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆ. ನಾಲ್ಕು ದರ್ಜೆ ಅಂದ ಕೂಡಲೇ ನಮಗೆ ಬೇರೆ ವಿವರಣೆ ಬೇಕಿಲ್ಲ. ಕರಿಯರ ಬಡಾವಣೆಗಳಿಗೆ ಬಹುತೇಕ ಕೆಂಪು. ಅಂದರೆ ಸಾಲ ಕೊಡುವುದು ಅಪಾಯ. ಆ ಪ್ರದೇಶಕ್ಕೆ ಯಾರು 'ನುಸುಳುತ್ತಿದ್ದಾರೆ' ಎಂದು ಬರೆಯಲು ನಮೂನೆಯಲ್ಲೇ ಜಾಗ ಬಿಟ್ಟಿದ್ದರು.

ಇಲ್ಲಿ ನಕ್ಷೆ ಬರೆದವನ ಪರವಾಗಿ ಒಬ್ಬ ವಕೀಲ ಎದ್ದು ನಿಲ್ಲುತ್ತಾನೆ. 'ಸ್ವಾಮಿ, ಅಲ್ಲಿ ಮನೆಗಳ ಬೆಲೆ ನಿಜವಾಗಿಯೂ ಕಡಿಮೆ ಇತ್ತು. ಭೇದ ಮೊದಲೇ ಇತ್ತು. ಇವನು ಇದ್ದದ್ದನ್ನು ಇದ್ದ ಹಾಗೆ ಬರೆದ. ಕನ್ನಡಿಯನ್ನು ಯಾಕೆ ಒಡೆಯುತ್ತೀರಿ?'

ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಆ ಭೇದ ಆ ನಕ್ಷೆಗಳಿಗಿಂತ ಹಳೆಯದು. ಕೆಂಪು ಬಳಿದದ್ದರಿಂದಲೇ ಎಲ್ಲವೂ ಆಯಿತು ಅಂದರೆ ಅದೂ ಸುಳ್ಳಾದೀತು. ಆದರೆ ಕನ್ನಡಿಗೂ ನಕ್ಷೆಗೂ ಒಂದು ವ್ಯತ್ಯಾಸ ಇದೆ. ಕನ್ನಡಿ ನೋಡಿ ಯಾರೂ ಸಾಲ ನಿಲ್ಲಿಸುವುದಿಲ್ಲ. ನಿನ್ನೆಯ ಅನ್ಯಾಯವನ್ನು ಅಳೆದು, ಅದನ್ನೇ ನಾಳೆಯ ನಿಯಮಕ್ಕೆ ಆಧಾರ ಮಾಡಿಕೊಟ್ಟವನು 'ನಾನು ಬರೀ ಅಳೆದೆ' ಅಂತ ಕೈತೊಳೆಯುವಂತಿಲ್ಲ. ಹಾಗಂತ ಪಾಪ ಅವನೊಬ್ಬನದೂ ಅಲ್ಲ. ಕಮಿಷನ್ನಿನಲ್ಲಿ ಕೂತು ಕೈ ಎತ್ತಿದವರಿದ್ದಾರೆ. ಗೆರೆಯ ಒಳಗೆ ಮನೆ ಮಾಡಿಕೊಂಡು, ಬೆಲೆ ಏರಿದ್ದನ್ನು ಕಂಡು, ಸುಮ್ಮನಿದ್ದವರಿದ್ದಾರೆ. ಗೆರೆಯ ಲಾಭ ಉಂಡವನಿಗೆ ಗೆರೆಯ ಲೆಕ್ಕ ಕೊಡುವ ಹೊಣೆಯೂ ಇದೆ.

ಹಾಗಾದರೆ ನಕ್ಷೆಗಳನ್ನು ಸುಟ್ಟುಬಿಡೋಣ ಅನ್ನುತ್ತಾರೆ ನಮ್ಮ ಕೆಲವು ಗೆಳೆಯರು. ಅವರ ಸಿಟ್ಟು ನಮ್ಮದೂ ಹೌದು, ಅವರ ತೀರ್ಮಾನ ನಮ್ಮದಲ್ಲ. ಗೆರೆಯೇ ಇಲ್ಲದ ಕಡೆ ಕಾರ್ಖಾನೆಯ ಹೊಗೆ ಸಾಹುಕಾರನ ಅಂಗಳಕ್ಕೆ ಹೋಗುವುದಿಲ್ಲ, ಬಡವನ ಗುಡಿಸಲಿಗೇ ಬರುತ್ತದೆ. ಸುಟ್ಟರೆ ಸಾಕ್ಷಿಯೂ ಸುಟ್ಟುಹೋಗುತ್ತದೆ.

ಸಾಕ್ಷಿ ಅಂದೆವು. ಯೂಕ್ಲಿಡ್ ಇರುವ ಅದೇ ಓಹಾಯೋದ ಮಸ್ಕಿಂಗಮ್ ಕೌಂಟಿಯಲ್ಲಿ, ಜೇನ್ಸ್‌ವಿಲ್ ನಗರದ ಅಂಚಿನಲ್ಲಿ ಕೋಲ್ ರನ್ ಎಂಬ ಕೇರಿ ಇದೆ. ಕೇರಿ ಎಂದೇ ಕರೆಯುತ್ತೇವೆ, ಹೆಚ್ಚಿನವರು ಕರಿಯರು. ಸುತ್ತಮುತ್ತಲ ಬಿಳಿಯರ ಮನೆಗಳಿಗೆ ನಲ್ಲಿ ನೀರು ಬಂದಿತ್ತು. ಇವರಿಗೆ ಸುಮಾರು ಅರ್ಧ ಶತಮಾನ ಬರಲಿಲ್ಲ. ಬಾವಿಯ ನೀರು ಹಳೆಯ ಕಲ್ಲಿದ್ದಲು ಗಣಿಗಳಿಂದ ಕೆಟ್ಟಿತ್ತು. ಮಳೆ ನೀರು ಹಿಡಿದರು, ದೂರದಿಂದ ಹೊತ್ತು ತಂದರು. ಕೇಳಿದರೆ, ಇದರಲ್ಲಿ ಬಣ್ಣದ ಮಾತಿಲ್ಲ, ಕೌಂಟಿಯಲ್ಲಿ ನಲ್ಲಿ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ ಎಂಬ ಉತ್ತರ.

2003ರಲ್ಲಿ ಅವರು ಮೊಕದ್ದಮೆ ಹೂಡಿದರು. ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ ಎಂಬ ಪದರ, ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಪದರ, ಎರಡನ್ನೂ ಒಂದರ ಮೇಲೊಂದು ಇಟ್ಟ ನಕ್ಷೆ ಕೋರ್ಟಿನಲ್ಲಿ ಸಾಕ್ಷಿ ನುಡಿಯಿತು. ಪೈಪು ಎಲ್ಲಿ ನಿಲ್ಲುತ್ತದೆ, ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂದು ಕಣ್ಣಿದ್ದವರಿಗೆಲ್ಲ ಕಂಡಿತು. 2008ರಲ್ಲಿ ಜ್ಯೂರಿ 67 ಜನರಿಗೆ ಸುಮಾರು 1.1 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. 1927ರಲ್ಲಿ ಮಹಾಡದ ಕೆರೆಗೆ ಇಳಿದವರ ಮೊಮ್ಮಕ್ಕಳಾದ ನಮಗೆ ಈ ನೀರಿನ ಕಥೆ ಹೊರಗಿನದಲ್ಲ. 1946ರಲ್ಲಿ ಬಾಬಾಸಾಹೇಬರು ಕರಿಯರ ನಾಯಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಸಾಮ್ಯದ ಮಾತೆತ್ತಿದ್ದರು.

ಅದೇ ಕೌಂಟಿ, ಅದೇ ಅಳತೆ, ಅದೇ ಗೆರೆ. ಒಂದು ಕಾಲಕ್ಕೆ ದೂರ ಇಟ್ಟ ವಿದ್ಯೆ ಇನ್ನೊಂದು ಕಾಲಕ್ಕೆ ದೂರು ಕೊಟ್ಟಿತು. ಬದಲಾದದ್ದು ಏನು? ಪ್ರಶ್ನೆ ಕೇಳಿದವರು ಯಾರು ಎಂಬುದು ಬದಲಾಯಿತು. ಆದ್ದರಿಂದ ನಕ್ಷೆಯ ನೀತಿ ಅದರ ಅಳತೆಯಲ್ಲಿಲ್ಲ ಎಂದು ನಾವು ತಿಳಿದಿದ್ದೇವೆ. ಅಳೆಯುವಾಗ ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ, ಗೆರೆಯ ಭಾರ ಯಾರ ಮೇಲೆ ಬಿತ್ತು ಎಂಬುದರಲ್ಲಿದೆ.

ನಮ್ಮಲ್ಲೂ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಂತೆ ಬಣ್ಣ ಬಳಿದ ನಕ್ಷೆ ಪ್ರಕಟವಾಗುತ್ತದೆ, ಆಕ್ಷೇಪಣೆ ಕರೆಯುತ್ತಾರೆ. ಆ ನೋಟೀಸು ಗೋಡೆಯ ಮೇಲೆ ಹಣ್ಣಾಗಿ ಉದುರುವ ಮೊದಲು ಓದುವವರು ನಮ್ಮಲ್ಲಿ ಎಷ್ಟು ಮಂದಿ? ಹಳ್ಳಿ ಮೇಷ್ಟ್ರುಗಳೇ, ನಾವು ಮಕ್ಕಳಿಗೆ ಊರಿನ ನಕ್ಷೆ ಬರೆಯಲು ಹೇಳುತ್ತೇವೆ. ಮಗು ಗುಡಿಯಿಂದ ಶುರು ಮಾಡುತ್ತದೆ, ಕೇರಿಯ ಹೊತ್ತಿಗೆ ಹಾಳೆ ಮುಗಿದಿರುತ್ತದೆ. ಒಂದು ಸಲ ಕೇರಿಯಿಂದ ಶುರು ಮಾಡಿ ಅನ್ನಿ. ಹಾಳೆ ಸಾಲದಿದ್ದರೆ ಇನ್ನೊಂದು ಹಾಳೆ ಅಂಟಿಸಿ. ಊರು ಎಲ್ಲಿಗೂ ಓಡಿಹೋಗೋದಿಲ್ಲ.