ಮಾತಿನ ಕೋಣೆಗೆ ಕಪಾಟು ಬೇಕೇ?

2019ರ ಆರಂಭದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬ್ಯಾಸ್ ಗ್ರಂಥಾಲಯಕ್ಕೆ ಗುಂಪಾಗಿ ಬಂದು ಪುಸ್ತಕಗಳನ್ನು ರಾಶಿರಾಶಿಯಾಗಿ ಎರವಲು ಪಡೆದರು. ಅದು ಅವರ ಪ್ರತಿಭಟನೆಯ ರೀತಿ. ನೆಲದಡಿಯಲ್ಲಿರುವ ಆ ಗ್ರಂಥಾಲಯವನ್ನು ನವೀಕರಿಸಿ, ವಿದ್ಯಾರ್ಥಿಗಳಿಗೆ ಕೂತು ಓದಲು, ಒಟ್ಟಿಗೆ ಕೆಲಸ ಮಾಡಲು ಜಾಗ ಹೆಚ್ಚಿಸುವುದೆಂದು ಆಡಳಿತ ತೀರ್ಮಾನಿಸಿತ್ತು. ಜಾಗ ಆಗಬೇಕಾದರೆ ಕಪಾಟುಗಳು ಹೋಗಬೇಕು. 1,50,000 ಪುಸ್ತಕಗಳ ಪೈಕಿ 40,000 ಮಾತ್ರ ಉಳಿಸುವ ಯೋಜನೆ ಸಿದ್ಧವಾಗಿತ್ತು. ವಿದ್ಯಾರ್ಥಿಗಳ ಗಲಾಟೆಯ ನಂತರ ಆ ಸಂಖ್ಯೆ 61,000ಕ್ಕೆ ಏರಿತು.

ಆಡಳಿತದ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಹತ್ತು ವರ್ಷಗಳಲ್ಲಿ ಪದವಿ ವಿದ್ಯಾರ್ಥಿಗಳು ಬ್ಯಾಸ್‌ನಿಂದ ಮನೆಗೊಯ್ಯುವ ಪುಸ್ತಕಗಳ ಸಂಖ್ಯೆ ಶೇ. 64ರಷ್ಟು ಕುಸಿದಿತ್ತು. ಅಟ್ಲಾಂಟಾದ ಜಾರ್ಜಿಯಾ ಟೆಕ್ ಇನ್ನೂ ಮುಂದೆ ಹೋಯಿತು. ತನ್ನ ಮುದ್ರಿತ ಸಂಗ್ರಹದ ಶೇ. 95ಕ್ಕೂ ಹೆಚ್ಚಿನ ಪಾಲನ್ನು ಎಮರಿ ವಿಶ್ವವಿದ್ಯಾಲಯದ ಜೊತೆಗೂಡಿ ಕಟ್ಟಿದ ಶೀತಲ ಉಗ್ರಾಣಕ್ಕೆ ಸಾಗಿಸಿ, ಖಾಲಿಯಾದ ಮಹಡಿಗಳನ್ನು ಓದುವವರಿಗೂ ಚರ್ಚಿಸುವವರಿಗೂ ಬಿಟ್ಟುಕೊಟ್ಟಿತು.

ಇದನ್ನು ಕಟ್ಟಡದ, ಬಜೆಟ್ಟಿನ ವಿಷಯವೆಂದು ನೋಡುವವರೇ ಹೆಚ್ಚು. ಅದರ ಬುಡದಲ್ಲಿ ಬಹಳ ಹಳೆಯ ಜಿಜ್ಞಾಸೆಯೊಂದಿದೆ: ಅರಿವು ಹುಟ್ಟುವುದು ಒಬ್ಬಂಟಿಯ ಮೌನದಲ್ಲೋ, ನಾಲ್ವರ ಮಾತಿನಲ್ಲೋ?

ಗ್ರಂಥಾಲಯದ ಮೌನ ಅನಾದಿಯಿಂದ ಬಂದದ್ದು ಎಂದು ನಂಬುವವರಿದ್ದಾರೆ. ಇತಿಹಾಸದಲ್ಲಿ ಅದಕ್ಕೆ ಆಧಾರ ಕಡಿಮೆ. 4ನೆಯ ಶತಮಾನದ ಕೊನೆಗೆ ಮಿಲಾನಿನ ಬಿಷಪ್ ಆಂಬ್ರೋಸ್ ದನಿ ತೆಗೆಯದೆ ಕಣ್ಣಲ್ಲೇ ಓದುತ್ತಿದ್ದುದನ್ನು ಕಂಡ ಸಂತ ಅಗಸ್ಟೀನ್, ಅದನ್ನು ತನ್ನ ಆತ್ಮಕಥನದಲ್ಲಿ ದಾಖಲಿಸಬೇಕಾದ ವಿಶೇಷವೆಂದೇ ಬಗೆದ. ಯೆಹೂದಿಗಳ ಅಧ್ಯಯನ ಮಂದಿರಗಳಲ್ಲಿ ಇಂದಿಗೂ ತಮ್ಮ ಧರ್ಮಗ್ರಂಥವಾದ ತಾಲ್ಮುಡ್ ಓದುವುದು ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿ ದನಿಯಲ್ಲಿ, ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ.

ಕನ್ನಡ ನಾಡಿನಲ್ಲೇ ಇದಕ್ಕೊಂದು ಜೀವಂತ ಸಾಕ್ಷಿಯಿದೆ. ಬೈಲುಕುಪ್ಪೆಯಲ್ಲಿ ಟಿಬೆಟನ್ನರು ಮತ್ತೆ ಕಟ್ಟಿಕೊಂಡ ಸೆರಾ ಮಠದಲ್ಲಿ ವಾದದ ಹೊತ್ತೆಂದರೆ ಅಂಗಳದ ತುಂಬ ಕಿವಿಗಡಚಿಕ್ಕುವ ಸದ್ದು. ಒಬ್ಬ ಭಿಕ್ಷು ನೆಲದ ಮೇಲೆ ಕೂತಿರುತ್ತಾನೆ. ಎದುರಿಗೆ ನಿಂತವನು ಪ್ರಶ್ನೆ ಕಟ್ಟುತ್ತ ಬಲಗೈ ಮೇಲೆತ್ತಿ, ಪ್ರಶ್ನೆ ಮುಗಿಯುವ ಕ್ಷಣಕ್ಕೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಚಾಚಿದ ಎಡ ಅಂಗೈಯ ಮೇಲೆ ಬಲ ಅಂಗೈಯನ್ನು ಚಟ್ಟನೆ ಬಡಿಯುತ್ತಾನೆ. ಒಪ್ಪಿದೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ: ಇಂಥ ಗೊತ್ತಾದ ಉತ್ತರಗಳಲ್ಲೊಂದನ್ನು ಕೂತವನು ತಡಮಾಡದೆ ಕೊಡಬೇಕು. ಕೊಟ್ಟ ಉತ್ತರವೇ ಮುಂದಿನ ಪ್ರಶ್ನೆಗೆ ಹಿಡಿ. ಇಂಥ ಎಷ್ಟೋ ಜೋಡಿಗಳು ಏಕಕಾಲಕ್ಕೆ ವಾದಿಸುತ್ತಿರುತ್ತವೆ, ಪಕ್ಕದವರ ಗದ್ದಲ ಯಾರಿಗೂ ಅಡ್ಡಿಯಾಗುವುದಿಲ್ಲ.

ಹಾಗಾಗಿ ಗುಂಪು ಚರ್ಚೆಯ ಕೋಣೆ, ಗೋಡೆಯಗಲದ ಬರೆಯುವ ಹಲಗೆ, ಚಕ್ರವಿರುವ ಮೇಜು ಇವನ್ನೆಲ್ಲ ಗ್ರಂಥಾಲಯಕ್ಕೆ ಬಗೆದ ದ್ರೋಹವೆಂದು ಹಳಿಯುವುದು ತಪ್ಪು. ತನಗೆ ಅರ್ಥವಾಗಿದೆ ಎಂದುಕೊಂಡದ್ದನ್ನು ಗೆಳತಿಗೆ ವಿವರಿಸಲು ಹೋಗಿ, ಅರ್ಧದಲ್ಲೇ ಮಾತು ನಿಂತು, ಮತ್ತೆ ಮೊದಲಿಂದ ಯೋಚಿಸುವ ವಿದ್ಯಾರ್ಥಿನಿ ಅಲ್ಲಿ ನಿಜವಾಗಿ ಕಲಿಯುತ್ತಿದ್ದಾಳೆ.

ಬೈಲುಕುಪ್ಪೆಯ ಅಂಗಳದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿ ವಾದಕ್ಕಿಳಿಯುವವನು ಬರಿಗೈಯಲ್ಲಿ ಬರುವುದಿಲ್ಲ. ಮೂಲಗ್ರಂಥಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿರುತ್ತಾನೆ. ಪ್ರಮಾಣಶಾಸ್ತ್ರದ ಮಾತು ಬಂದಾಗ 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಆ ಇಬ್ಬರ ನಡುವೆ ಮೂರನೆಯವನಾಗಿ ಇದ್ದೇ ಇರುತ್ತಾನೆ. ತಾಲ್ಮುಡ್ ಓದುವ ಜೋಡಿಯ ನಡುವೆಯೂ ಪುಟ ತೆರೆದಿರುತ್ತದೆ. ಆ ಪುಟದ ನಡುವೆ ಮೂಲ, ಒಂದು ಬದಿಗೆ 11ನೆಯ ಶತಮಾನದ ರಾಶಿ ಎಂಬ ವಿದ್ವಾಂಸ ಬರೆದ ವ್ಯಾಖ್ಯಾನ, ಇನ್ನೊಂದು ಬದಿಗೆ ಅವನ ನಂತರದವರು ಎತ್ತಿದ ತಕರಾರುಗಳು. ಚರ್ಚೆಯಲ್ಲಿ ಸತ್ತವರಿಗೂ ಪಾಲಿದೆ. ಒಂದೇ ವಯಸ್ಸಿನ, ಒಂದೇ ತರಗತಿಯ ನಾಲ್ವರು ತಮ್ಮಷ್ಟಕ್ಕೆ ಬೇಗ ಒಮ್ಮತಕ್ಕೆ ಬಂದುಬಿಡುತ್ತಾರೆ. ಸಾವಿರ ವರ್ಷ ಹಿಂದಿನವನೊಬ್ಬ ಅಡ್ಡ ನಿಂತರೆ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಕಪಾಟು ಕಳೆದುಕೊಂಡ ಚರ್ಚಾಕೋಣೆಯಲ್ಲಿ ಇಲ್ಲವಾಗುವುದು ಆ ಅಡ್ಡ ನಿಲ್ಲುವವನು.

ಕಂಪ್ಯೂಟರಿನಲ್ಲಿ ಅವನೂ ಸಿಗುತ್ತಾನಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸಿಗುತ್ತಾನೆ, ಹೆಸರು ಗೊತ್ತಿದ್ದವರಿಗೆ. ಷಿಕಾಗೋ ವಿಶ್ವವಿದ್ಯಾಲಯ 2011ರಲ್ಲಿ ಗಾಜಿನ ಗುಮ್ಮಟದ ಮಾನ್ಸುಯೆಟೊ ಗ್ರಂಥಾಲಯ ಕಟ್ಟಿದಾಗ ಪುಸ್ತಕಗಳನ್ನು ಊರಾಚೆ ಕಳಿಸಲಿಲ್ಲ. 35 ಲಕ್ಷ ಸಂಪುಟ ಹಿಡಿಸುವ ಉಗ್ರಾಣವನ್ನು ಓದುವ ಕೋಣೆಯ ಕೆಳಗೇ ತೋಡಿತು. ಬೇಡಿಕೆ ಸಲ್ಲಿಸಿದರೆ ಯಂತ್ರ ಪೆಟ್ಟಿಗೆಯನ್ನು ಮೇಲೆ ತರುತ್ತದೆ. ಅದು ಮೆಚ್ಚತಕ್ಕ ಏರ್ಪಾಟು. ಆದರೆ ಏನು ಕೇಳಬೇಕೆಂದೇ ತಿಳಿಯದ ಹದಿನೆಂಟರ ಹುಡುಗನಿಗೆ ಯಂತ್ರ ಏನನ್ನೂ ತರಲಾರದು. ಅವನು ಸಾಲುಗಳ ನಡುವೆ ಸುಮ್ಮನೆ ಅಡ್ಡಾಡಬೇಕು, ಬೇಕಾದ ಪುಸ್ತಕದ ಪಕ್ಕದ್ದು ಕೈಗೆ ಬರಬೇಕು.

ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು ಪುಸ್ತಕದ ಪರವಾಗಿ ನಿಲ್ಲುತ್ತದೆ: ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಅದಕ್ಕಾಗಿಯೇ ಅವರು ತೆರೆದ ಕಪಾಟಿಗಾಗಿ ವಾದಿಸಿದರು. ಎಷ್ಟು ವರ್ಷದಿಂದ ಯಾರೂ ಒಯ್ದಿಲ್ಲ ಎಂಬುದೊಂದನ್ನೇ ನೋಡಿ ಪುಸ್ತಕವನ್ನು ಸಾಗಹಾಕುವವರಿಗೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಕಥೆ ಹೇಳಬೇಕು. ಶತಮಾನಗಳ ಕಾಲ ಕಳೆದೇಹೋಯಿತೆಂದು ಎಲ್ಲರೂ ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ, 20ನೆಯ ಶತಮಾನದ ಆರಂಭದಲ್ಲಿ ಅಲ್ಲಿಗೆ ಬಂತು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಗರಿಗಳನ್ನು ಅಲ್ಲಿಯವರೆಗೆ ಕಾಪಾಡಿದವರು ಯಾರೂ ಎರವಲಿನ ಲೆಕ್ಕ ಕೇಳಿರಲಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಕ್ರಮದಲ್ಲಿ ಕೇಳುವುದು ಮೊದಲು, ಆಮೇಲೆ ಮನನ, ಆಮೇಲೆ ನಿದಿಧ್ಯಾಸನ, ಅಂದರೆ ಆಳವಾದ ಧ್ಯಾನ. ಮೊದಲನೆಯದಕ್ಕೆ ಇನ್ನೊಬ್ಬರು ಬೇಕು. ಕೊನೆಯದನ್ನು ಯಾರೂ ಮತ್ತೊಬ್ಬರಿಗಾಗಿ ಮಾಡಿಕೊಡಲಾರರು. ನವೀಕರಣದ ನಕ್ಷೆಯನ್ನು ಈ ಕ್ರಮದಲ್ಲಿಟ್ಟು ನೋಡಿದರೆ ಜಗಳದ ಬಹುಪಾಲು ಕರಗುತ್ತದೆ. ಚರ್ಚೆಯ ಕೋಣೆಗಳು ಬರಲಿ, ಅವುಗಳ ಗೋಡೆಗಳಲ್ಲಿ ಒಂದಾದರೂ ಕಪಾಟಾಗಿರಲಿ, ಅದರಲ್ಲಿ ಆ ವಿಭಾಗದ ಮೂಲಕೃತಿಗಳ ಜೊತೆಗೆ ಅವುಗಳನ್ನು ಖಂಡಿಸಿದವರ ಪುಸ್ತಕಗಳೂ ಇರಲಿ. ಬಾಗಿಲು ಮುಚ್ಚಿದರೆ ಹೊರಗಿನ ದನಿ ಕೇಳಿಸದ ಒಂದು ಓದುವ ಕೋಣೆ ಅದೇ ಮಹಡಿಯಲ್ಲಿರಲಿ. ಮಾತಾಡಿ ಎದ್ದವರು ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ.