ಬೆಲೆಯಿಲ್ಲದ ನೀರು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಬೇಸಿಗೆಯ ಬಿಸಿಲಿನಲ್ಲಿ ಈ ದಾರಿಯ ಬದಿಗೆ ಹಬೆಯುಗುಳುತ್ತ ನಿಂತ ಹಳೆಯ ವ್ಯಾನುಗಳನ್ನು ಕಾಣದವರು ವಿರಳ. ಒಳಗೆ ಹಾಸಿಗೆ, ಸ್ಟೋವು, ನೀರಿನ ಕೊಡ ಹೊಂದಿಸಿಕೊಂಡು ಅಕ್ಕಲಕೋಟೆ, ಗಾಣಗಾಪುರ, ಪಂಢರಪುರಗಳನ್ನು ಸುತ್ತುವ ಕುಟುಂಬಕ್ಕೆ ಅಂಥ ಗಾಡಿಯೇ ಚಲಿಸುವ ಮನೆ. ಬೋರಿನ ಗಡಸು ನೀರನ್ನು ವರ್ಷಗಟ್ಟಲೆ ಸುರಿದುದರಿಂದ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿ, ಕಡೆಗೊಮ್ಮೆ ಅದನ್ನು ಬದಲಿಸಲೇಬೇಕಾಗುವದು.

ಮನೆಯ ಅಂಗಳದಲ್ಲಿಯೇ ಮಾಡಬಹುದಾದ ಕೆಲಸವಿದು. ಇಂಜಿನು ಪೂರ್ಣವಾಗಿ ತಣಿಯುವ ತನಕ ಮುಚ್ಚಳ ಮುಟ್ಟಬಾರದು. ಒತ್ತಡದಲ್ಲಿರುವ ದ್ರವ ಮುಖಕ್ಕೇ ಚಿಮ್ಮುವದು. ಆಮೇಲೆ ಕೆಳಗಣ ನಳ ತಿರುವಿ ದ್ರವವನ್ನಿಳಿಸಿ, ರಬ್ಬರು ನಳಿಗೆಗಳನ್ನು ಕಳಚಿ, ಬೋಲ್ಟು ಬಿಚ್ಚಿ, ಹಳೆಯದನ್ನೆತ್ತಿ ಹೊಸದನ್ನು ಕೂಡಿಸಬೇಕು. ಇಷ್ಟೆ.

ಹಳೆಯ ರೇಡಿಯೇಟರಿನ ತಾಮ್ರ-ಹಿತ್ತಾಳೆಗೆ ಗುಜರಿಯಲ್ಲಿ ಬೆಲೆಯುಂಟು; ಅದನ್ನು ಜೋಪಾನವಾಗಿ ಒಳಗಿಡುತ್ತೇವೆ. ಇಳಿಸಿದ ದ್ರವಕ್ಕೆ ಬೆಲೆಯಿಲ್ಲ, ಗಟಾರಕ್ಕೆ ಚೆಲ್ಲುತ್ತೇವೆ. ನಮ್ಮ ವಿವೇಕವೆಲ್ಲ ಬೆಲೆಯ ಬೆನ್ನು ಹಿಡಿದೇ ನಡೆಯಬೇಕೆ?

ಅದು ಬರಿಯ ನೀರಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೂಲಂಟಿನಲ್ಲಿ ಸಾಮಾನ್ಯವಾಗಿ ಬೆರೆತಿರುವ ಇಥಿಲೀನ್ ಗ್ಲೈಕಾಲ್ ವಿಷ. ಆದರೆ ಅದರ ರುಚಿ ಸಿಹಿ. ಬಾಯಾರಿದ ನಾಯಿ, ಬೆಕ್ಕು, ಕರುಗಳು ಗುಂಡಿಯಲ್ಲಿ ನಿಂತ ಆ ಹಸಿರು ನೀರನ್ನು ನೆಕ್ಕುವವು. ಹೊಟ್ಟೆಗಿಳಿದುದನ್ನು ಯಕೃತ್ತು ಇನ್ನೂ ಘೋರವಾದ ವಿಷಗಳಾಗಿ ಮಾರ್ಪಡಿಸುವದು. ಕಡೆಗೆ ಮೂತ್ರಪಿಂಡದಲ್ಲಿ ಆಕ್ಸಲೇಟಿನ ಹರಳು ಕಟ್ಟುವದು. ಬೆಕ್ಕಿನ ಪ್ರಾಣ ಹೋಗಲು ಕಿಲೋ ತೂಕಕ್ಕೆ ಸುಮಾರು 1.5 ಮಿಲಿಲೀಟರು ಗ್ಲೈಕಾಲ್ ಸಾಕು. ಮೊದಲು ಅಮಲೇರಿದಂತೆ ತೂರಾಡಿ, ಕೆಲವು ದಿನಗಳಲ್ಲಿ ಸತ್ತ ಪ್ರಾಣಿ ಏತರಿಂದ ಸತ್ತಿತೆಂದು ಓಣಿಯಲ್ಲಿ ಯಾರಿಗೂ ತಿಳಿಯದು.

ಕೊಲ್ಲುವ ಉದ್ದೇಶವಿರಲಿಲ್ಲವೆಂದು ಹೇಳಬಹುದು. ಅರಿಯದವನಿಗೆ ಆ ಮಾತು ಸಲ್ಲುವದು, ಅರಿತವನಿಗೆ ಸಲ್ಲದು. ಗ್ಯಾರೇಜಿಗೆ ಒಪ್ಪಿಸಿದರಾಯಿತು ಎಂಬುದು ಇನ್ನೊಂದು ಸಮಾಧಾನ. ಅಲ್ಲಿಯೂ ಅದು ಗಟಾರಕ್ಕೇ ಹೋಗುವದಾದರೆ, ನಾವು ಕೊಟ್ಟ ಮಜೂರಿ ಕೆಲಸಕ್ಕಷ್ಟೇ ಅಲ್ಲ, ನಾವು ನೋಡದಿರುವದಕ್ಕೂ ಸಂದಂತಾಯಿತು. ಸ್ವತಃ ಮಾಡುವವನಿಗೆ ಈ ಅನುಕೂಲವಿಲ್ಲ; ಬೋಗುಣಿ ಅವನ ಕೈಯಲ್ಲಿಯೇ ಇರುವದು. ಕೈಗೆಲಸದ ಹಿರಿಮೆಯನ್ನು ಶಾಲೆಯಲ್ಲಿ ಬೋಧಿಸುವಾಗ ನಾವು ಉಳಿತಾಯವನ್ನೂ ಕೌಶಲವನ್ನೂ ಎತ್ತಿ ಹೇಳುತ್ತೇವೆ. ಈ ಗುಣವನ್ನೇಕೆ ಹೇಳುವದಿಲ್ಲವೋ!

12ನೆಯ ಶತಮಾನದಲ್ಲಿ ಶರಣ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು. ಕೆರೆಗೆ ಬಾಯಿಟ್ಟ ದನವನ್ನು ಯಾರದೆಂದು ಕೆರೆ ಕೇಳದು. ನಮ್ಮ ಬಾಗಿಲ ಮುಂದಿನ ಗುಂಡಿಯೂ ಮೂಕಪ್ರಾಣಿಯ ಕಣ್ಣಿಗೆ ಒಂದು ಕೆರೆಯೇ.

ಇಳಿಸಿದ ದ್ರವವನ್ನು ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ವಿಷವೆಂದು ಕನ್ನಡ ಮರಾಠಿಗಳೆರಡರಲ್ಲಿಯೂ ಬರೆದು, ಮಕ್ಕಳ ಕೈಗೆಟುಕದಲ್ಲಿ ಇಡಬೇಕು. ಕುಡಿಯುವ ನೀರಿನ ಬಾಟಲಿಯಂತೂ ಬೇಡವೇ ಬೇಡ. ನೆಲಕ್ಕೆ ಬಿದ್ದುದರ ಮೇಲೆ ಮರದ ಹೊಟ್ಟು ಹರಡಿ ಬಳಿದೆತ್ತಬೇಕು. ಅಪಾಯದ ಕಸವನ್ನು ರೀತಿಯಂತೆ ಸ್ವೀಕರಿಸುವವರು ದೊರೆಯುವ ತನಕ ಆ ಕ್ಯಾನು ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತು, ಮನೆಯಾಕೆಯ ಬೈಗುಳಕ್ಕೆ ಕಾರಣವಾದರೂ ಆದೀತು.